ಒಂದು ರೂಪಾಯಿಯ ಆಟ ಮೊಬೈಲ್‌ಗೆ ಬಂದಾಗ

(ಬಾಗಲಕೋಟೆಯ ನವನಗರದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನದು ಮೊಬೈಲ್ ರಿಪೇರಿ ಅಂಗಡಿ. ಅದಕ್ಕೂ ಮೊದಲು ಟಿವಿ ರಿಪೇರಿ ಮಾಡುತ್ತಿದ್ದೆ. ವಿಡಿಯೋ ಗೇಮ್ ಮಷಿನ್‌ಗಳ ಸಹವಾಸ ಆಗಿದ್ದು ಆಗಲೇ. ಯಾಕೆಂದರೆ ಆ ಮಷಿನ್ನಿನ ಹೊಟ್ಟೆಯಲ್ಲಿ ಅರ್ಧಕ್ಕರ್ಧ ಇರುವುದು ಟಿವಿಯೇ. ಪಿಕ್ಚರ್ ಟ್ಯೂಬ್ ಕೈಕೊಟ್ಟರೆ ಅಂಗಡಿಯವರು ನಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದರು. ಭಾಷಣ ಮಾಡಿ ರೂಢಿ ಇಲ್ಲ, ಸುಮ್ನೆ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಅಂಗಡಿಗೆ ಬರುವವರಲ್ಲಿ ನಲವತ್ತು ದಾಟಿದವರು ಒಂದು ಮಾತು ಕೇಳಿಯೇ ಕೇಳುತ್ತಾರೆ. ಡಿಸ್‌ಪ್ಲೇ ಹಾಕಿಸಿಕೊಂಡು, ದುಡ್ಡು ಕೊಟ್ಟು, ಹೊರಡುವಾಗ ದನಿ ಸ್ವಲ್ಪ ತಗ್ಗಿಸಿ, "ಇದರಾಗ ಮುಸ್ತಫಾ ಬರ್ತೈತೇನ್ರೀ?" ಅಂತ. ಇಲ್ಲಿ ಕೂತಿರುವ ಹುಡುಗರಿಗೆ ಮುಸ್ತಫಾ ಯಾರು ಅಂತ ಗೊತ್ತಿರಲಿಕ್ಕಿಲ್ಲ. ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರಲ್ಲ, ಅವರಿಗೆ ಗೊತ್ತು. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂಗಡಿಯಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಆ ಮಷಿನ್ ಆಟಗಳಿಗೆ ಆರ್ಕೇಡ್ ಆಟ ಅನ್ನುತ್ತಾರೆ. ಮೊಬೈಲ್‌ನಲ್ಲಿ ಈಗ ಹಳೇ ಆರ್ಕೇಡ್ ಆಟಗಳ ಕಲೆಕ್ಷನ್‌ಗಳು ಬೇಕಾದಷ್ಟು ಸಿಗುತ್ತವೆ. ಹತ್ತು ಆಟ, ಐವತ್ತು ಆಟ, ನೂರು ಆಟ ಒಂದೇ ಗಂಟಿನಲ್ಲಿ. ಇಳಿಸಿಕೊಳ್ಳುತ್ತೀರಿ, ಒಂದು ಸಂಜೆ ಆಡುತ್ತೀರಿ, ಆಮೇಲೆ ಮುಟ್ಟುವುದಿಲ್ಲ. "ಆವಾಗಿನ ಮಜಾ ಇಲ್ಲ ಬಿಡ್ರಿ" ಅನ್ನುತ್ತೀರಿ. ವಯಸ್ಸಾಯಿತು, ಅದಕ್ಕೇ ಮಜಾ ಇಲ್ಲ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಆ ಆಟಗಳನ್ನು ಕಟ್ಟಿದ್ದೇ ನಾಣ್ಯದ ಲೆಕ್ಕದ ಮೇಲೆ. ಮೊಬೈಲ್‌ಗೆ ಬರುವಾಗ ಚಿತ್ರ ಬಂತು, ಸದ್ದು ಬಂತು, ನಾಣ್ಯ ಮಾತ್ರ ಬರಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ನಾಣ್ಯ ಹಾಕುವ ಸೀಳಿನ ಹಿಂದೆ ಏನಿರುತ್ತದೆ ಅಂತ ಬಹಳ ಜನ ನೋಡಿರುವುದಿಲ್ಲ. ಬಾಗಿಲು ತೆಗೆದರೆ ಇಳಿಜಾರಾದ ಒಂದು ಕಿರಿದಾದ ದಾರಿ. ಅದರ ಕೊನೆಗೆ ಒಂದು ಪುಟ್ಟ ಸ್ವಿಚ್. ಸ್ವಿಚ್ಚಿನಿಂದ ಹೊರಗೆ ಚಾಚಿದ ಒಂದು ತೆಳು ತಂತಿ. ನಾಣ್ಯ ಜಾರಿ ಬೀಳುವಾಗ ಆ ತಂತಿಯನ್ನು ಒಂದು ಕ್ಷಣ ಕೆಳಗೆ ಒತ್ತುತ್ತದೆ. ಟಿಕ್ ಅನ್ನುತ್ತದೆ, ಅಷ್ಟೇ. ಒಳಗಿನ ಬೋರ್ಡಿಗೆ ಗೊತ್ತಾಗುವುದು ಎರಡು ವೈರು ಒಂದು ಕ್ಷಣ ಕೂಡಿ ಬಿಟ್ಟವು ಅನ್ನುವುದು ಮಾತ್ರ. ಬಿದ್ದದ್ದು ರೂಪಾಯಿಯೋ, ತಗಡಿನ ಬಿಲ್ಲೆಯೋ ಅದಕ್ಕೆ ಗೊತ್ತಿಲ್ಲ. ಹುಡುಗರು ಇದನ್ನು ಬೇಗ ಕಂಡುಹಿಡಿದರು. ಅದಕ್ಕೇ ಎಷ್ಟೋ ಅಂಗಡಿಯವರು ಸೀಳನ್ನೇ ಮುಚ್ಚಿ, ರೂಪಾಯಿಯನ್ನು ಕೈಯಲ್ಲಿ ಇಸಿದುಕೊಂಡು, ತಾವೇ ಸ್ವಿಚ್ ಒತ್ತುವ ಪದ್ಧತಿ ಮಾಡಿಕೊಂಡರು.

ಆ ಟಿಕ್ ಈಗ ಮೊಬೈಲ್ ಪರದೆಯ ಮೂಲೆಯಲ್ಲಿ 'ಕಾಯಿನ್' ಅನ್ನುವ ಬಟನ್ ಆಗಿ ಕೂತಿದೆ. ಎಷ್ಟು ಸಲ ಒತ್ತಿದರೂ ಪುಕ್ಕಟೆ. ಬೋರ್ಡಿನ ದೃಷ್ಟಿಯಲ್ಲಿ ಏನೂ ಬದಲಾಗಿಲ್ಲ. ಆಡುವವನ ದೃಷ್ಟಿಯಲ್ಲಿ ಎಲ್ಲವೂ ಬದಲಾಗಿದೆ.

ನಾಣ್ಯದ ಕಥೆ ಶುರುವಿನಿಂದಲೂ ಇದೆ. 1972ರಲ್ಲಿ ಅಟಾರಿ ಕಂಪನಿಯ ಅಲನ್ ಆಲ್ಕಾರ್ನ್ 'ಪಾಂಗ್' ಆಟದ ಮೊದಲ ಮಷಿನ್ ಮಾಡಿದರು. ಅದನ್ನು ಅಮೆರಿಕದ ಸನಿವೇಲ್‌ನ ಒಂದು ಬಾರ್‌ನಲ್ಲಿ ಇಟ್ಟರು. ಕೆಲವೇ ದಿನಗಳಲ್ಲಿ ಮಷಿನ್ ಕೆಟ್ಟಿದೆ ಅಂತ ಫೋನ್ ಬಂತು. ಹೋಗಿ ಬಾಗಿಲು ತೆಗೆದು ನೋಡಿದರೆ ಕೆಟ್ಟಿದ್ದೇನೂ ಇಲ್ಲ. ನಾಣ್ಯ ತುಂಬಿ ಉಕ್ಕಿ, ಹೊಸದು ಬೀಳಲು ಜಾಗ ಇರಲಿಲ್ಲ. ಇಂಥ ರಿಪೇರಿ ನನಗೆ ಒಂದೂ ಸಿಗಲಿಲ್ಲ.

ಇನ್ನೊಂದು, 1978ರ 'ಸ್ಪೇಸ್ ಇನ್ವೇಡರ್ಸ್'. ಜಪಾನಿನ ಟೈಟೋ ಕಂಪನಿಯ ತೊಮೊಹಿರೋ ನಿಶಿಕಾಡೊ ಮಾಡಿದ್ದು. ಮೇಲೆ 55 ಶತ್ರುಗಳು, ಒಂದು ಸಾಲಿಗೆ 11ರಂತೆ ಐದು ಸಾಲು. ಮೊದಮೊದಲು ನಿಧಾನಕ್ಕೆ ನಡೆಯುತ್ತವೆ. ಹೊಡೆಯುತ್ತಾ ಹೋದಂತೆ ಉಳಿದವು ಜೋರಾಗುತ್ತವೆ. ಕೊನೆಯದಂತೂ ಓಡುತ್ತದೆ, ಎದೆ ಬಡಿತವೂ ಅದರ ಜೊತೆ ಓಡುತ್ತದೆ. ಇದನ್ನು ಯಾರೋ ಬುದ್ಧಿವಂತರು ಯೋಚಿಸಿ ಮಾಡಿದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಇದು ಪ್ರೊಸೆಸರಿನ ಬಡತನ. ಒಳಗಿದ್ದದ್ದು ಇಂಟೆಲ್ 8080 ಅನ್ನುವ ನಿಧಾನದ ಚಿಪ್. ಪರದೆ ಒಂದು ಸಲ ಹೊಸದಾಗುವಷ್ಟರಲ್ಲಿ ಒಂದೇ ಒಂದು ಶತ್ರುವನ್ನು ಸರಿಸುವಂತೆ ಪ್ರೋಗ್ರಾಂ ಬರೆದಿದ್ದರು. ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 55 ಇದ್ದಾಗ ಪೂರ್ತಿ ದಂಡು ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡ್. ಒಂದೇ ಉಳಿದಾಗ ಪ್ರತಿ ಸಲವೂ ಅದರದ್ದೇ ಸರದಿ. ನಿಶಿಕಾಡೊ ಇದನ್ನು ನೋಡಿದರು, ಚೆನ್ನಾಗಿದೆ ಅನ್ನಿಸಿತು, ಹಾಗೇ ಬಿಟ್ಟರು. ಕೊನೆಯ ಶತ್ರುವಿಗೆ ಸತ್ತವನು ಇನ್ನೊಂದು ನಾಣ್ಯಕ್ಕೆ ಜೇಬು ತಡಕುತ್ತಿದ್ದ.

ಈಗಿನ ಹತ್ತು ಸಾವಿರದ ಮೊಬೈಲ್‌ಗೂ 55 ಶತ್ರುಗಳನ್ನು ಒಟ್ಟಿಗೆ ಸರಿಸುವುದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಆಟವನ್ನು ಹೊಸದಾಗಿ ಬರೆಯುವವರು ಆ ಬಡತನವನ್ನೂ ಬೇಕಂತಲೇ ಬರೆಯಬೇಕು. ಅದನ್ನು ಬಿಟ್ಟರೆ ನೋಡಲು ಸ್ಪೇಸ್ ಇನ್ವೇಡರ್ಸ್, ಆಡಲು ಬೇರೇನೋ. ಕಲೆಕ್ಷನ್ ಇಳಿಸಿದ ಮೇಲೆ ನಾನು ಮೊದಲು ನೋಡುವುದು ಇದನ್ನೇ. ಹಳೇ ಬೋರ್ಡಿನ ಪ್ರೋಗ್ರಾಮನ್ನೇ ಓಡಿಸುತ್ತಿದ್ದಾರಾ, ಅಥವಾ ಬರೀ ಅದರ ವೇಷ ಹಾಕಿದ ಹೊಸ ಆಟವಾ ಅಂತ.

'ಪ್ಯಾಕ್‌ಮ್ಯಾನ್' ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. 1980, ನಾಮ್ಕೋ ಕಂಪನಿ, ಮಾಡಿದವರು ತೋರು ಇವಾಟಾನಿ. ಇಕ್ಕಟ್ಟಿನ ಓಣಿಗಳಲ್ಲಿ ಚುಕ್ಕೆ ತಿನ್ನುತ್ತಾ ಓಡುವ ಹಳದಿ ಬಾಯಿ ನೀವು, ನಾಲ್ಕು ದೆವ್ವಗಳು ಬೆನ್ನು ಹತ್ತುತ್ತವೆ. ಎಲ್ಲವೂ ಒಂದೇ ರೀತಿ ಅಟ್ಟಿಸಿಕೊಂಡು ಬರುತ್ತವೆ ಅಂತ ಕಾಣುತ್ತದೆ. ಹಾಗಿಲ್ಲ. ಕೆಂಪು ದೆವ್ವ ನೇರವಾಗಿ ನೀವಿರುವ ಕಡೆಗೇ ಬರುತ್ತದೆ. ಗುಲಾಬಿಯದು ನಿಮ್ಮ ಮುಖ ಇರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿ ಇಡುತ್ತದೆ, ಅಡ್ಡ ಹಾಕಲು. ಕಿತ್ತಳೆಯದು ದೂರದಿಂದ ಜೋರಾಗಿ ಬರುತ್ತದೆ, ಎಂಟು ಮನೆ ಹತ್ತಿರ ಬಂತೋ, ತಿರುಗಿ ತನ್ನ ಮೂಲೆಗೆ ಹೋಗುತ್ತದೆ. ಇಂಥ ಶೂರರು ಪ್ರತಿ ಓಣಿಯಲ್ಲೂ ಒಬ್ಬರು ಇರುತ್ತಾರೆ. ನೀಲಿಯದು ಮಾತ್ರ ಕೆಂಪಿನ ಜಾಗವನ್ನೂ ನಿಮ್ಮ ಜಾಗವನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ, ಅದಕ್ಕೇ ಅದು ಎಲ್ಲಿಂದ ಬರುತ್ತದೆ ಅಂತ ತಿಳಿಯುವುದೇ ಇಲ್ಲ.

ಇದರಲ್ಲಿ ಅದೃಷ್ಟದ ಪಾಲು ಇಲ್ಲ. ನೀವು ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಹೋದರೆ ದೆವ್ವಗಳೂ ಅದೇ ದಾರಿ ಹಿಡಿಯುತ್ತವೆ. ಇದು ಗೊತ್ತಾದವರು ದಾರಿಯನ್ನು ಬಾಯಿಪಾಠ ಮಾಡಿಕೊಂಡರು. ಒಂದು ನಾಣ್ಯ ಹಾಕಿ ಗಂಟೆಗಟ್ಟಲೆ ಆಡಿದರು. ಅಂಗಡಿಯವರಿಗೆ ಹೊಟ್ಟೆಯುರಿ. ಮುಂದೆ ಬಂದ 'ಮಿಸ್ ಪ್ಯಾಕ್‌ಮ್ಯಾನ್'ನಲ್ಲಿ ದೆವ್ವಗಳ ಓಡಾಟಕ್ಕೆ ಸ್ವಲ್ಪ ಮನಸ್ಸಿಗೆ ಬಂದಂತೆ ತಿರುಗುವ ಗುಣ ಸೇರಿಸಿದರು, ಬಾಯಿಪಾಠದ ವಿದ್ಯೆ ಅಲ್ಲಿ ನಡೆಯಲಿಲ್ಲ. ಮೊದಲ ಆಟಕ್ಕೂ ಒಂದು ಕೊನೆ ಇದೆ. ಸ್ಟೇಜ್ ಎಣಿಸಲು ಇಟ್ಟ ಜಾಗದಲ್ಲಿ ಹಿಡಿಯುವುದೇ 255ರ ತನಕ. 256ನೇ ಸ್ಟೇಜಿನಲ್ಲಿ ಪರದೆಯ ಬಲಗಡೆ ಅರ್ಧ ಅಕ್ಷರ, ಅಂಕಿಗಳ ಕಸ ತುಂಬಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹೋಗಲು ಆಗುವುದಿಲ್ಲ. ಒಳ್ಳೆಯ ಕಲೆಕ್ಷನ್ ಆದರೆ ಈ ಕಸವೂ ಹಾಗೇ ಬಂದಿರುತ್ತದೆ.

ಬೋರ್ಡಿನ ಮೇಲೆ ಸಾಲಾಗಿ ಪುಟ್ಟ ಸ್ವಿಚ್‌ಗಳು ಇರುತ್ತಿದ್ದವು, ಡಿಪ್ ಸ್ವಿಚ್ ಅನ್ನುತ್ತೇವೆ. ಅಂಗಡಿಯವರ ನಿಜವಾದ ಹತೋಟಿ ಅಲ್ಲಿತ್ತು. ಪ್ಯಾಕ್‌ಮ್ಯಾನ್‌ನಲ್ಲಿ ಒಂದು ಆಟಕ್ಕೆ 1, 2, 3 ಅಥವಾ 5 ಲೈಫ್ ಇಡಬಹುದು. ಎಕ್ಸ್‌ಟ್ರಾ ಲೈಫ್ 10,000 ಪಾಯಿಂಟಿಗೋ, 15,000ಕ್ಕೋ, 20,000ಕ್ಕೋ, ಅಥವಾ ಬೇಡವೇ ಬೇಡವೋ, ಅದನ್ನೂ ಇಡಬಹುದು. ಹೋಳಿ, ಜಾತ್ರೆ ಅಂತ ಗದ್ದಲ ಇದ್ದಾಗ ಲೈಫ್ ಇಳಿಸಿ, ಮಳೆಗಾಲದಲ್ಲಿ ಅಂಗಡಿ ಖಾಲಿ ಹೊಡೆಯುವಾಗ ಏರಿಸುತ್ತಿದ್ದವರನ್ನು ನಾನು ನೋಡಿದ್ದೇನೆ. ಹುಡುಗರು ಮಾತ್ರ "ಇವತ್ ಕೈ ಹತ್ತವಲ್ದು" ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

1991ರಲ್ಲಿ ಕ್ಯಾಪ್ಕಾಮ್‌ನ 'ಸ್ಟ್ರೀಟ್ ಫೈಟರ್ 2' ಬಂದಾಗ ನಾಣ್ಯದ ಲೆಕ್ಕ ಇನ್ನೂ ಚುರುಕಾಯಿತು. ಗೆದ್ದವನು ನಿಲ್ಲುತ್ತಾನೆ, ಸೋತವನು ಜೇಬಿಗೆ ಕೈ ಹಾಕುತ್ತಾನೆ. ಹಿಂದೆ ನಿಂತವರು ತಮ್ಮ ಸರದಿಗೆ ಗಾಜಿನ ಮೇಲೆ ನಾಣ್ಯ ಇಟ್ಟು ಕಾಯುತ್ತಿದ್ದರು.

ಇನ್ನು ಫೋನಿನ ಕಡೆ ಬರೋಣ. ಆರ್ಕೇಡ್ ಆಟ ಫೋನಿಗೆ ಬಂದಿದ್ದು ಸ್ಮಾರ್ಟ್‌ಫೋನ್ ಬಂದ ಮೇಲೆ ಅಂತ ತಿಳಿಯಬೇಡಿ. 1997ರಲ್ಲಿ ನೋಕಿಯಾ 6110ರಲ್ಲಿ ತನೇಲಿ ಅರ್ಮಾಂಟೊ ಬರೆದ ಹಾವಿನ ಆಟ ಬಂತಲ್ಲ, ಅದರ ಮೂಲ 1976ರ 'ಬ್ಲಾಕೇಡ್' ಅನ್ನುವ ಆರ್ಕೇಡ್ ಮಷಿನ್. 2000ದಲ್ಲಿ ಬಂದ 3310ರಲ್ಲಿ ಹಾವು ಇತ್ತು, ವಿಮಾನ ಹಾರಿಸಿ ಗುಂಡು ಹೊಡೆಯುವ 'ಸ್ಪೇಸ್ ಇಂಪ್ಯಾಕ್ಟ್' ಇತ್ತು, 'ಬಂಟುಮಿ' ಅಂತ ಒಂದು ಇತ್ತು. ಬಂಟುಮಿಯನ್ನು ಯಾರೂ ಆಡುತ್ತಿರಲಿಲ್ಲ. ಅದು ನಮ್ಮ ಅಳಗುಳಿ ಮಣೆಯ ಹತ್ತಿರದ ನೆಂಟ. ಮನೆಯಲ್ಲಿ ಅಜ್ಜಿಯ ಕೈಗೆ ಫೋನ್ ಕೊಟ್ಟಿದ್ದರೆ ಚೆನ್ನಾಗಿ ಆಡುತ್ತಿದ್ದರೋ ಏನೋ.

ಸ್ಮಾರ್ಟ್‌ಫೋನ್ ಬಂದ ಮೇಲೆ ಕಂಪನಿಗಳಿಗೆ ಒಂದು ತಲೆನೋವು ಶುರುವಾಯಿತು. ನಾಣ್ಯ ಇಲ್ಲ, ದುಡ್ಡು ಮಾಡುವುದು ಹೇಗೆ? 2011ರಲ್ಲಿ ಅಟಾರಿ ನೂರು ಹಳೇ ಆಟಗಳ ಗಂಟು ತಂದಿತು. ಆ್ಯಪ್ ಪುಕ್ಕಟೆ, ಒಳಗಿನ ಸಣ್ಣ ಸಣ್ಣ ಪ್ಯಾಕಿಗೆ 99 ಸೆಂಟ್, ಎಲ್ಲವೂ ಬೇಕೆಂದರೆ 14.99 ಡಾಲರ್. ಕ್ಯಾಪ್ಕಾಮ್ ಅದಕ್ಕೂ ಮೊದಲೇ ಐಫೋನಿನಲ್ಲಿ ಬೇರೆ ದಾರಿ ಹಿಡಿದಿತ್ತು. ದಿನಕ್ಕೆ ಇಷ್ಟು ಅಂತ ಟೋಕನ್ ಪುಕ್ಕಟೆ, ಮುಗಿದರೆ ದುಡ್ಡು ಕೊಟ್ಟು ತಗೊಳ್ಳಿ. ಜನ ಇದನ್ನು ಬೈದರು. ನನಗೆ ಮಾತ್ರ ಅದು ಹಳೇ ಅಂಗಡಿಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿತ್ತು. ಟೋಕನ್ ಮುಗಿಯುತ್ತದೆ ಅಂತ ಗೊತ್ತಿದ್ದರೆ ಕೈ ತಾನಾಗಿ ಹುಷಾರಾಗುತ್ತದೆ. ಸೇಗಾ 2017ರಲ್ಲಿ ತನ್ನ ಹಳೇ ಆಟಗಳನ್ನು ಪುಕ್ಕಟೆ ಬಿಟ್ಟು ನಡುನಡುವೆ ಜಾಹೀರಾತು ತೂರಿಸಿತು. ನನ್ನ ಪ್ರಕಾರ ಮೂರರಲ್ಲಿ ಕೆಟ್ಟದ್ದು ಇದೇ. ರೂಪಾಯಿ ಕೊಟ್ಟರೆ ಅಂಗಡಿಯವನು ಆಟದ ನಡುವೆ ಬಂದು ಸೋಪು ಮಾರುತ್ತಿರಲಿಲ್ಲವಲ್ಲ.

ಅದೇ 2017ರ ಸೆಪ್ಟೆಂಬರಿನಲ್ಲಿ ಐಫೋನ್ ನಡೆಸುವ ಆ್ಯಪಲ್‌ನ ಸಾಫ್ಟ್‌ವೇರ್ ಐಓಎಸ್ 11 ಬಂತು. 32 ಬಿಟ್‌ನ ಹಳೇ ಆ್ಯಪ್‌ಗಳು ಅದರಲ್ಲಿ ತೆರೆಯುವುದೇ ಇಲ್ಲ. ಹೊಸದಾಗಿ ತಿದ್ದಿ ಕೊಡದ ಆ್ಯಪ್‌ಗಳೆಲ್ಲ ದುಡ್ಡು ಕೊಟ್ಟು ತಗೊಂಡವರ ಫೋನಿನಲ್ಲೇ ಬರೀ ಚಿತ್ರವಾಗಿ ಉಳಿದವು. ಮಷಿನ್ ಕೆಟ್ಟರೆ ನಾನು ಸೋಲ್ಡರಿಂಗ್ ಕಡ್ಡಿ ಹಿಡಿದು ಹೋಗುತ್ತಿದ್ದೆ. ಇದಕ್ಕೆ ಯಾವ ಕಡ್ಡಿ ಹಿಡಿಯಲಿ?

ಪರದೆಯ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಇಂಜಿನಿಯರಿಂಗ್ ಹುಡುಗರಿಗೆ ಇಷ್ಟವಾಗಬಹುದು. ಪ್ಯಾಕ್‌ಮ್ಯಾನ್ ಮಷಿನ್ನಿನಲ್ಲಿ ಟಿವಿಯನ್ನು ಪಕ್ಕಕ್ಕೆ ಮಲಗಿಸಿ ಕೂರಿಸಿರುತ್ತಾರೆ. ಚಿತ್ರ ಅಡ್ಡಕ್ಕೆ 224 ಚುಕ್ಕೆ, ಉದ್ದಕ್ಕೆ 288. ನಿಮ್ಮ ಮೊಬೈಲ್ ಅಡ್ಡಕ್ಕೆ 1080, ಉದ್ದಕ್ಕೆ 2400 ಅಂತ ಇಟ್ಟುಕೊಳ್ಳಿ. ಪ್ರತಿ ಚುಕ್ಕೆಯನ್ನೂ ನಾಲ್ಕು ಪಟ್ಟು ಮಾಡಿದರೆ 896 ಮತ್ತು 1152 ಆಗುತ್ತದೆ. ಎರಡೂ ಬದಿಗೆ 92 ಚುಕ್ಕೆಯ ಕಪ್ಪು ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಇರಲಿ, ಬಿಡಿ. ಅದನ್ನೂ ತುಂಬಿಸುತ್ತೇನೆ ಅಂತ ಎಳೆದರೆ ಒಂದು ಚುಕ್ಕೆ ದಪ್ಪ, ಪಕ್ಕದ್ದು ಸಣ್ಣ ಆಗುತ್ತದೆ. ಕೆಳಗಡೆ 1248 ಚುಕ್ಕೆಯಷ್ಟು ಜಾಗ ಖಾಲಿ, ಅರ್ಧಕ್ಕಿಂತ ಜಾಸ್ತಿ. ಹೆಬ್ಬೆರಳಿಗೆ ಅದು ಸಾಕು, ಚಿತ್ರದ ಮೇಲೆ ಕೈ ಬರುವುದಿಲ್ಲ. ನಿಂತ ಪರದೆಯ ಹಳೇ ಆಟಗಳಿಗೆ ಮೊಬೈಲಿಗಿಂತ ಒಳ್ಳೆಯ ಜಾಗ ಇಲ್ಲ ಅಂತ ನಾನು ಹೇಳುವುದು ಇದಕ್ಕೇ. ಸ್ಟ್ರೀಟ್ ಫೈಟರ್‌ನಂಥ ಮಲಗಿದ ಪರದೆಯ ಆಟಗಳದ್ದು ಉಲ್ಟಾ. ಫೋನನ್ನು ಅಡ್ಡ ಹಿಡಿದು ಪೂರ್ತಿ ಎಳೆದರೆ ಆ ಆಟದ ಹೀರೋ ರಿಯೂಗೆ ಹೋಳಿಗೆ ಊಟ ಜಾಸ್ತಿಯಾದಂತೆ ಕಾಣುತ್ತದೆ.

ಮಷಿನ್ನಿನ ಹ್ಯಾಂಡಲ್, ಅಂದರೆ ಜಾಯ್‌ಸ್ಟಿಕ್, ಇನ್ನೂ ದೊಡ್ಡ ತೊಡಕು. ಹ್ಯಾಂಡಲ್‌ನ ಬುಡದಲ್ಲಿ ನಾಲ್ಕು ಸ್ವಿಚ್ ಇರುತ್ತವೆ. ಯಾವ ಕಡೆ ಒತ್ತಿದಿರಿ ಅಂತ ಅಂಗೈಗೆ ತಿಳಿಯುತ್ತದೆ, ನೋಡಬೇಕಾಗಿಲ್ಲ. ಗಾಜಿನ ಮೇಲೆ ಹೆಬ್ಬೆರಳಿಗೆ ಏನೂ ತಿಳಿಯುವುದಿಲ್ಲ, ಅದು ಜಾರುತ್ತಾ ಜಾರುತ್ತಾ ಎಲ್ಲಿಗೋ ಹೋಗಿರುತ್ತದೆ. ಪ್ಯಾಕ್‌ಮ್ಯಾನ್ ನಡೆಯುತ್ತದೆ, ಬೆರಳು ಸವರಿದರೆ ಸಾಕು. ಕೆಳಗೆ, ಓರೆ, ಮುಂದೆ, ಪಂಚ್ ಅನ್ನುವ ರಿಯೂನ ಹಡೋಕನ್ ಹೊಡೆತ ಗಾಜಿನ ಮೇಲೆ ಹತ್ತಕ್ಕೆ ಐದು ಸಲ ಬಂದರೆ ಪುಣ್ಯ. ಬ್ಲೂಟೂತ್ ಕಂಟ್ರೋಲರ್ ತಗೊಳ್ಳಿ. ಕೆಲವು ಆಟ ಗಾಜಿನ ಮೇಲೆ ಅತಿ ಸುಲಭವಾಗಿಬಿಡುತ್ತವೆ, ಅದೂ ಹಾಳೇ. 1980ರ 'ಮಿಸೈಲ್ ಕಮಾಂಡ್'ನಲ್ಲಿ ಮಷಿನ್ನಿನಲ್ಲಿ ಕೂರಿಸಿದ ಒಂದು ಚೆಂಡು ಉರುಳಿಸಿ ಗುರಿಯ ಗುರುತನ್ನು ಪರದೆಯ ಆ ಕಡೆಯಿಂದ ಈ ಕಡೆಗೆ ತರಬೇಕು. ಆ ತರುವ ಹೊತ್ತೇ ಆಟ. ಮೊಬೈಲ್‌ನಲ್ಲಿ ಬೆರಳು ಇಟ್ಟ ಕಡೆ ಗುರಿ ಹಾಜರ್.

ಜಾಗ ಬದಲಿಸುವಾಗ ಏನೋ ಒಂದು ಹಿಂದೆಯೇ ಉಳಿದುಬಿಡುತ್ತದೆ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಬಂದೆವು. ಸೆಕ್ಟರ್ ನಂಬರ್ ಸಿಕ್ಕಿತು, ರಸ್ತೆ ಅಗಲ ಆಯಿತು, ಮನೆಗೆ ಬೆಳಕು ಬಂತು. ಓಣಿಯ ಕಟ್ಟೆ ಬರಲಿಲ್ಲ. ಯಾರೂ ಬೇಕಂತ ಬಿಟ್ಟು ಬಂದದ್ದಲ್ಲ, ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಈಗ ಮುಸ್ತಫಾ. ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್', ಕ್ಯಾಪ್ಕಾಮ್, 1993. ಆರಿಸಿಕೊಳ್ಳಲು ನಾಲ್ಕು ಜನ: ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ಹಳದಿ ಟೋಪಿಯ ಮುಸ್ತಫಾ ಓಡಿ ಬಂದು ಒದೆಯುವ ಒದೆಗೆ ನಮ್ಮ ಕಡೆ ಎಷ್ಟು ಹೆಸರು ಅಂದರೆ, ಆಟವೇ ಅವನ ಹೆಸರಿಗೆ ಬಿತ್ತು. ಒಟ್ಟು ಎಂಟು ಸ್ಟೇಜ್.

ಇದು ಯಾವ ಕಲೆಕ್ಷನ್‌ನಲ್ಲೂ ಯಾಕಿಲ್ಲ? ಕ್ಯಾಪ್ಕಾಮ್ 2018ರಲ್ಲಿ ಇಂಥದ್ದೇ ಏಳು ಹೊಡೆದಾಟದ ಆಟಗಳನ್ನು ಕಂಪ್ಯೂಟರ್ ಮತ್ತು ಕನ್ಸೋಲ್‌ಗಳಿಗೆ ಒಂದೇ ಗಂಟಿನಲ್ಲಿ ತಂದಿತು. ಅದರಲ್ಲೂ ಮುಸ್ತಫಾ ಇಲ್ಲ. ತಾಂತ್ರಿಕ ತೊಂದರೆ ಏನೂ ಇಲ್ಲ, ಅದೇ ಕಾಲದ ಅದೇ ಜಾತಿಯ ಬೋರ್ಡು. ತೊಡಕು ಕಾಗದದಲ್ಲಿದೆ. ಕಥೆ, ಪಾತ್ರಗಳು ಮಾರ್ಕ್ ಶುಲ್ಟ್ಜ್ ಅನ್ನುವ ಅಮೆರಿಕದ ಚಿತ್ರಕಾರರ ಕಾಮಿಕ್ಸ್‌ನವು. ಹೆಸರಿನಲ್ಲಿರುವ ಕ್ಯಾಡಿಲಾಕ್ ಜನರಲ್ ಮೋಟರ್ಸ್ ಕಾರಿನದ್ದು. ಮತ್ತೆ ಮಾರಬೇಕೆಂದರೆ ಅವರೆಲ್ಲರ ಸಹಿ ಬೇಕು. ಮಿಸ್ ಪ್ಯಾಕ್‌ಮ್ಯಾನ್‌ಗೂ ಇಂಥದ್ದೇ ಗ್ರಹಚಾರ. ಹಕ್ಕಿನ ಜಗಳದಲ್ಲಿ ಸಿಕ್ಕಿ 2022ರ ಪ್ಯಾಕ್‌ಮ್ಯಾನ್ ಕಲೆಕ್ಷನ್‌ನಲ್ಲಿ ಅವಳಿಗೆ ಜಾಗವಿಲ್ಲ. ಕಲೆಕ್ಷನ್‌ನಲ್ಲಿ ಏನಿದೆ ಅನ್ನುವುದನ್ನು ಆಟದ ಗುಣಕ್ಕಿಂತ ಜಾಸ್ತಿ ವಕೀಲರೇ ತೀರ್ಮಾನ ಮಾಡಿರುತ್ತಾರೆ.

ಎಮ್ಯುಲೇಟರ್, ಅಂದರೆ ಹಳೇ ಬೋರ್ಡಿನಂತೆ ನಟಿಸಿ ಅದರ ಆಟ ಓಡಿಸುವ ಪ್ರೋಗ್ರಾಂ, ಇದೆಯಲ್ಲ ಅನ್ನುತ್ತೀರಿ. ಇದೆ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ 'ಮೇಮ್' ಶುರು ಮಾಡಿದರು, ಹಳೇ ಬೋರ್ಡುಗಳು ಸಾಯುವ ಮೊದಲು ಅವುಗಳ ನಡೆಯನ್ನು ಬರೆದಿಡಬೇಕು ಅಂತ. ಆಂಡ್ರಾಯ್ಡ್‌ನಲ್ಲಿ ಅದರ ರೂಪಗಳು ಬಹಳ ಹಿಂದೆಯೇ ಬಂದವು. ಐಫೋನಿನ ಅಂಗಡಿಯಲ್ಲಿ ಎಮ್ಯುಲೇಟರ್‌ಗೆ ಬಾಗಿಲು ತೆರೆದದ್ದು 2024ರ ಏಪ್ರಿಲ್‌ನಲ್ಲಿ. ಎಮ್ಯುಲೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ, ಆದರೆ ಅದರೊಳಗೆ ಹಾಕುವ ಆಟದ ಫೈಲಿಗೆ ಒಡೆಯರು ಇದ್ದಾರೆ. ಅದಕ್ಕೇ ನಾನು ಅಂಗಡಿಯಲ್ಲಿ ಹಾಕಿಕೊಡುವುದಿಲ್ಲ. ಮುಸ್ತಫಾ ಅಂತ ಹೆಸರಿಟ್ಟ ಯಾವುದೋ ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಎಸ್ಎಂಎಸ್ ಕೇಳಿದರೆ ಕೊಡಬೇಡಿ. ಒದೆ ಹೊಡೆಯಲು ಮುಸ್ತಫಾಗೆ ನಿಮ್ಮ ಎಸ್ಎಂಎಸ್ ಯಾಕೆ ಬೇಕು?

ಇಷ್ಟು ಹೇಳಿ ನಿಲ್ಲಿಸಿದೆ. ಒಬ್ಬ ತಾಯಿ ಎದ್ದು ಕೇಳಿದರು: "ಮಗಾ ಆಡೇ ಆಡ್ತಾನ್ರೀ, ಜಾಹೀರಾತು ಇಲ್ಲದ್ದು, ಬೇಗ ಮುಗಿಯೋದು ಯಾವ್ದರ ಐತೇನ್ರೀ?"

ಇದೆ. ಎಸ್‌ಎನ್‌ಕೆ ಮತ್ತು ಹ್ಯಾಮ್ಸ್ಟರ್ ಕಂಪನಿಗಳು 2021ರ ಡಿಸೆಂಬರಿನಿಂದ ಎಸ್‌ಎನ್‌ಕೆಯದೇ ಹಳೇ ಮಷಿನ್ ಆದ ನಿಯೋ ಜಿಯೋದ ಆಟಗಳನ್ನು ಮೊಬೈಲ್‌ಗೆ ಒಂದೊಂದಾಗಿ ತರುತ್ತಾ ಬಂದಿವೆ. ಗಂಟು ಇಲ್ಲ, ಬೇಕಾದದ್ದನ್ನು ಮಾತ್ರ ಕೊಳ್ಳಬಹುದು. ಅದರಲ್ಲಿ ಹೈ ಸ್ಕೋರ್ ಮೋಡ್ ಅಂತ ಇದೆ, ಕಂಟಿನ್ಯೂ ಇಲ್ಲ, ಸತ್ತರೆ ಮುಗಿಯಿತು. ಕ್ಯಾರವಾನ್ ಮೋಡ್ ಅಂತ ಇನ್ನೊಂದು, ಐದು ನಿಮಿಷಕ್ಕೆ ಆಟ ತಾನೇ ನಿಲ್ಲುತ್ತದೆ. ಬೇರೆ ಕಲೆಕ್ಷನ್ ಆದರೆ ಸೆಟ್ಟಿಂಗ್‌ಗೆ ಹೋಗಿ ಲೈಫ್ ಮೂರು ಇಡಿ, 'ಕಾಯಿನ್' ಬಟನ್ನನ್ನು ಒಂದೇ ಸಲ ಒತ್ತಬೇಕು ಅಂತ ಮಗನ ಜೊತೆ ಒಪ್ಪಂದ ಮಾಡಿಕೊಳ್ಳಿ. "ಅವರಪ್ಪ ಒತ್ತತಾರ್ರೀ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಧೋಳದಿಂದ ಬಂದಿದ್ದ ಹುಡುಗನ ಪ್ರಶ್ನೆ ಬೇರೆಯೇ ಇತ್ತು. "ಕಾಕಾ, ನಮ್ಮ ಗೋಡೌನ್‌ನಾಗ ಒಂದು ಹಳೇ ಮಷಿನ್ ಬಿದ್ದೈತ್ರಿ. ಕರೆಂಟ್ ಕೊಟ್ರ ನಡೀತೈತೇನು?"

ಮೊದಲು ಕರೆಂಟ್ ಕೊಡಬೇಡ ಅಂದೆ. ಇಲಿ ವೈರ್ ಕಡಿದಿರುತ್ತದೆ, ಪವರ್ ಸಪ್ಲೈನ ಕೆಪಾಸಿಟರ್ ಉಬ್ಬಿರುತ್ತವೆ. ಪಿಕ್ಚರ್ ಟ್ಯೂಬಿನ ಹಿಂದಿನ ಆ ಕೆಂಪು ರಬ್ಬರ್ ಬಟ್ಟಲಿನ ಹತ್ತಿರ ಕೈ ಹಾಕಲೇಬೇಡ, ನಡೆಯುತ್ತಿದ್ದಾಗ ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಹಿಂದಿನ ಹಲಗೆ ಬಿಚ್ಚು, ಟಾರ್ಚ್ ಹಿಡಿದು ಬೋರ್ಡಿನ ಫೋಟೋ ತೆಗೆ. ಬೋರ್ಡಿನ ಮೇಲೆ ಬ್ಯಾಟರಿ ಇದೆಯಾ ನೋಡು. ಕ್ಯಾಪ್ಕಾಮ್‌ನ ಸಿಪಿಎಸ್-2 ಬೋರ್ಡ್ ಆಗಿದ್ದರೆ ಆಟದ ಬೀಗ ತೆಗೆಯುವ ಕೀ ಆ ಬ್ಯಾಟರಿಯ ಬಲದ ಮೇಲೆಯೇ ಉಳಿದಿರುತ್ತದೆ, ಅದು ಸತ್ತರೆ ಆಟವೂ ಸತ್ತಂತೆ. ಆದರೆ ನಮ್ಮ ಕಡೆಗೆ ಬಂದದ್ದರಲ್ಲಿ ನಕಲಿ ಬೋರ್ಡೇ ಜಾಸ್ತಿ, ಅವುಗಳಲ್ಲಿ ಈ ಕಾಟ ಇರುವುದು ಕಡಿಮೆ. ಬೋರ್ಡಿಗೆ ಸಿಕ್ಕಿಸಿದ ಕನೆಕ್ಟರಿನಲ್ಲಿ ಒಂದೊಂದು ಕಡೆ 28 ಕಾಲು ಇದ್ದರೆ ಅದು ಜಾಮಾ, ಅಂದರೆ ಬೇರೆ ಬೇರೆ ಕಂಪನಿಯ ಬೋರ್ಡಿಗೂ ಹೊಂದುವ ಒಂದೇ ಅಳತೆಯ ಜೋಡಣೆ, ಬೋರ್ಡನ್ನು ಮಾತ್ರ ಬಿಚ್ಚಿ ತಂದರೆ ಸಾಕು. ನನ್ನ ಹತ್ತಿರ ಸಪ್ಲೈ ಇದೆ, ಹಾಕಿ ನೋಡೋಣ.

"ಹ್ಯಾಂಡಲ್ ತರಬೇಕೇನ್ರೀ?" ಅಂದ.

ತಾ ಅಂದೆ. ಅದನ್ನೇ ಮೊದಲು ತಾ.